ಬುರುಜಿನ ಬಸಣ್ಣನ ನೀಲಿ ರುಮಾಲು

ಅಂಬರೀಶ ಮಾಸ್ತರ ನೀಲಿ ರುಮಾಲಿನ ಗೊಂಬೆಯ ಡಬ್ಬಿ ತೆರೆದ ದಿನ ಕೃಷ್ಣಾ ನದಿ ಅರ್ಧ ತಾಸು ಹಿಂದಕ್ಕೆ ಹರಿಯಿತು. ಯಾವ ಕಡೆ ಈಜಬೇಕೆಂದು ತಿಳಿಯದ ಮೀನುಗಳು ದಂಡೆಗೆ ಬಂದು ಬಿಸಿಲಿಗೆ ಮೈ ಕಾಯಿಸುತ್ತ ಕೂತವು. ರಾಯಚೂರಿನ ಥರ್ಮಲ್ ಚಿಮಣಿಗಳು ಹೊಗೆ ಬಿಡುವುದನ್ನು ಮರೆತು ಬಾಯಿ ತೆರೆದು ನಿಂತವು. ಡಬ್ಬಿಯಿಂದ ಹೊರಬಿದ್ದ ಬೆಳಕಿಗೆ ದೇವದುರ್ಗದ ಎಮ್ಮೆಗಳೆಲ್ಲ ನವಿಲಿನ ಬಣ್ಣಕ್ಕೆ ತಿರುಗಿದ್ದವು. ಇದನ್ನೆಲ್ಲ ನೋಡಿದವರು ಯಾರು ಎಂದು ಕೇಳಿದರೆ ಮಾಸ್ತರ ಕೊರಳಲ್ಲಿ ತೂಗುವ ಸೀಟಿಯನ್ನು ಮುಟ್ಟಿಕೊಂಡು, "ನಾನ ಇದ್ದೆನಲ್ಲ, ಇನ್ಯಾರು ಬೇಕು?" ಅನ್ನುತ್ತಿದ್ದ.

ಅಂಬರೀಶ ದೇವದುರ್ಗದ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಅವನು ಮೈದಾನದಲ್ಲಿ ಸೀಟಿ ಊದಿದರೆ ಅರಕೇರಾದ ಆಡುಗಳು ಸಾಲಾಗಿ ನಿಲ್ಲುತ್ತಿದ್ದವು, ಗಬ್ಬೂರು ಬಿಟ್ಟ ಬಸ್ಸು ತಾನಾಗಿಯೇ ಬ್ರೇಕ್ ಹಾಕುತ್ತಿತ್ತು. ಇದೂ ಅವನೇ ಹೇಳಿದ್ದು. ಇಷ್ಟು ದೊಡ್ಡ ಮಾತಿನ ಮನುಷ್ಯನಿಗೆ ಗೇಣುದ್ದದ ಪ್ಲಾಸ್ಟಿಕ್ ಗೊಂಬೆಗಳ ಹುಚ್ಚು ಹಿಡಿದದ್ದು ಓಣಿಗೇ ಸೋಜಿಗ.

ಗೊಂಬೆ ಅಂದರೆ ಅಂತಿಂಥ ಗೊಂಬೆಯಲ್ಲ. ರಾಯಚೂರಿನ ದೋಆಬ್ ಟಾಯ್ಸ್ ಕಂಪನಿಯ 'ಕೋಟೆ ಕಾವಲು' ಗೊಂಬೆಗಳು. ಅವುಗಳ ಕೈ ತಿರುಗುತ್ತದೆ, ಮೊಣಕಾಲು ಮಡಚುತ್ತದೆ, ಕುತ್ತಿಗೆ ಹೊರಳುತ್ತದೆ. ಸುದ್ದಿ ಒಯ್ಯುವ ಹರಕಾರ, ಆನೆಯ ಮಾವುತ, ಬಿಲ್ಲುಗಾರ, ಕತ್ತಿ ಹಿಡಿದ ಸಿಪಾಯಿ, ತೋಪಿನ ಪಕ್ಕ ಎದೆ ಸೆಟೆದು ನಿಲ್ಲುವ ಬುರುಜಿನ ಬಸಣ್ಣ. ಅಕ್ಕಿ ಗಿರಣಿಯ ಹಂಪಣ್ಣ ಸಾಹುಕಾರರು ಮುಪ್ಪಿನಲ್ಲಿ ಅದೇನು ಮನಸ್ಸಿಗೆ ಬಂತೋ, ಹೊಟ್ಟು ತುಂಬುವ ಗೋದಾಮು ಖಾಲಿ ಮಾಡಿಸಿ ಅಲ್ಲೇ ಈ ಕಾರ್ಖಾನೆ ಹೂಡಿದ್ದರು. ಮಕ್ಕಳಿಗೆಂದು ಮಾಡಿದ ಗೊಂಬೆಗಳನ್ನು ಮೀಸೆ ಹಣ್ಣಾದವರು ಕೊಂಡರು. ಕೊಂಡವರು ಆಡಲಿಲ್ಲ, ಶೋಕೇಸಿನಲ್ಲಿಟ್ಟು, ದೂಳು ಒರೆಸಿ, ಮೊಬೈಲಿನಲ್ಲಿ 'ಗೊಂಬಿ ಬಳಗ' ಎಂದು ಗುಂಪು ಕಟ್ಟಿಕೊಂಡು ಹಗಲೆಲ್ಲ ವಾದ ಮಾಡಿದರು.

ಬಳಗಕ್ಕೆ ಹಿರಿಯ ಅಂಬರೀಶ. ಹಿರಿತನ ಬಂದದ್ದು ಒಂದು ಫೋಟೋದಿಂದ. ಬಸಣ್ಣನ ರುಮಾಲು ಎಲ್ಲರ ಮನೆಯಲ್ಲೂ ಕೆಂಪು. ಅಂಬರೀಶನ ಮನೆಯ ಬಸಣ್ಣನಿಗೆ ಮಾತ್ರ ನೀಲಿ. ಹೋದ ವರ್ಷ ಅವನು ಆ ಫೋಟೋ ಹಾಕಿ, "ಫ್ಯಾಕ್ಟರ್ಯಾಗ ಒಂದೇ ಒಂದು ಮಾಡಿ ಅಚ್ಚು ಒಡದು ಹಾಕ್ಯಾರ, ಆ ಒಂದು ನನ್ನ ಹತ್ರ ಅದ" ಎಂದು ಬರೆದಿದ್ದ. ಕವಿತಾಳದಿಂದ ಜನ ಬಸ್ಸು ಹಿಡಿದು ನೋಡಲು ಬಂದರು. ಗೊಂಬೆಗೆ ಬಿಸಿಲು ತಾಗಬಾರದು, ಉಸಿರು ತಾಗಬಾರದು ಎಂದು ಹೇಳಿ ಮಾಸ್ತರ ಅವರಿಗೆ ಕಿಟಕಿಯ ಹೊರಗಿನಿಂದಲೇ ತೋರಿಸಿ ಕಳಿಸಿದ. ನಂಬದವನು ಒಬ್ಬನೇ: ಮಾನ್ವಿಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಗುಲಾಮ್ ದಸ್ತಗೀರ್.

"ಮಾಸ್ತರ್, ನಿಮ್ಮ ಬಸಣ್ಣ ನೀಲಿ ಅದಾನೋ, ನಿಮ್ಮ ಮೊಬೈಲ್ ನೀಲಿ ಅದನೋ?" ಎಂದು ಅವನು ಗುಂಪಿನಲ್ಲಿ ಕೇಳಿದ್ದ. ಮಾಸ್ತರ ಎರಡು ಕೈ ಮುಗಿದ ಚಿತ್ರ ಕಳಿಸಿದ.

ವರ್ಷಕ್ಕೊಮ್ಮೆ ಕಂಪನಿಯವರು ಬಳಗವನ್ನು ಗಿರಣಿಗೆ ಕರೆಸುತ್ತಿದ್ದರು. ಅದಕ್ಕೆ ಸವಾಲ್-ಜವಾಬ್ ಎಂದೇ ಹೆಸರು. ಕೇಳುವವರು ಗೊಂಬೆ ಕೈಯಲ್ಲಿ ಹಿಡಿದು ಎದ್ದು ನಿಲ್ಲಬೇಕು, ಒಬ್ಬರಿಗೆ ಒಂದೇ ಸವಾಲು, ಕಂಪನಿ ಸುಳ್ಳು ಜವಾಬು ಕೊಡಬಾರದು. ಹಂಪಣ್ಣನವರು ಹಾಕಿದ ಪದ್ಧತಿ. ಅವರು ತೀರಿಹೋದ ಮೇಲೆ ಮಗ ಉದಯಕುಮಾರ ನಡೆಸಿಕೊಂಡು ಬಂದಿದ್ದ.

ಈ ವರ್ಷದ ಸವಾಲ್-ಜವಾಬ್ ಏಪ್ರಿಲ್ ತಿಂಗಳ ಒಂದು ಭಾನುವಾರ. ಜಯಂತಿ ಮುಗಿದು ಓಣಿಓಣಿಯ ನೀಲಿ ಕಮಾನುಗಳು ಇನ್ನೂ ಇಳಿದಿರಲಿಲ್ಲ. ರಾಯಚೂರಿನ ಬಿಸಿಲಿಗೆ ಗಿರಣಿಯ ತಗಡು ಚಟಚಟ ಅನ್ನುತ್ತಿತ್ತು. ಭತ್ತದ ಚೀಲಗಳ ಮೇಲೆ ಬಳಗ ಕೂತಿತು. ಎದುರಿಗೆ ಉದಯಕುಮಾರ, ಅಪ್ಪನ ಹಳೆಯ ಮರದ ಕುರ್ಚಿಯಲ್ಲಿ.

ಮೊದಲು ಎದ್ದವಳು ವಿಜಯಲಕ್ಷ್ಮಿ. ಬ್ಯಾಂಕಿನಲ್ಲಿ ಆಫೀಸರು, ಗೊಂಬೆಯ ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಹರಿಯದವಳು. ಹರಕಾರನನ್ನು ಎತ್ತಿ ಹಿಡಿದು ಕೇಳಿದಳು: "ಸರ್, ಹರಕಾರನ ಎರಡೂ ಕೈ ಬಲಗೈನ ಅದಾವ. ಎರಡೂ ಹೆಬ್ಬಟ್ಟು ಒಂದೇ ಕಡಿ. ವೇಗ ತೋರಸಾಕ ಹಂಗ ಮಾಡೀರಿ ಅಂತ ನಾನು ಬಳಗದಾಗ ಎರಡು ಪುಟ ಬರದೀನಿ. ನನ್ನ ಮಾತು ಖರೇನೋ ಅಲ್ಲೋ?"

ಉದಯಕುಮಾರ ಕೆಮ್ಮಿದ. "ಮೇಡಂ, ಎಡಗೈ ಅಚ್ಚು ಒಡದಿತ್ತು. ಬಲಗೈ ಒಂದು ಚೀಲ ಉಳದಿದ್ವು. ಹಚ್ಚಿಬಿಟ್ವಿ."

ವಿಜಯಲಕ್ಷ್ಮಿ ಹರಕಾರನ ಎರಡು ಬಲಗೈ ನೋಡುತ್ತ ಚೀಲದ ಮೇಲೆ ಕೂತಳು.

ಆಮೇಲೆ ದಸ್ತಗೀರ್ ಎದ್ದ. "ಸಿಪಾಯಿ ಕತ್ತಿ ಒರಿಯಾಗ ಹೋಗಂಗಿಲ್ಲ. ನಾನು ತಿಕ್ಕಿ ನೋಡಿದೆ, ಎಣ್ಣಿ ಹಚ್ಚಿ ನೋಡಿದೆ. ಗಡಿಯಾರದ ಹಲ್ಲು ಕೂಡಸೋ ಕೈ ಇದು, ಇದಕ್ಕೂ ಆಗಲಿಲ್ಲ. ಯಾಕ ಹೋಗಂಗಿಲ್ಲ?"

"ಅದು ಕತ್ತಿ ಅಲ್ರೀ ದಸ್ತಗೀರ್ ಸಾಬ್ರ. ಹರಿಗೋಲು ಹಾಕೋ ಹುಟ್ಟು. ಅಂವ ಸಿಪಾಯಿನೂ ಅಲ್ಲ, ಅಂಬಿಗ. ಡಬ್ಬಿ ಮ್ಯಾಲೆ ಪ್ರೆಸ್ಸಿನವರು ತಪ್ಪು ಚಿತ್ರ ಹಾಕಿದ್ರು. ಮಾರಾಟ ಆಗಾಕತ್ತಿತ್ತು, ಅಪ್ಪಾಜಿ ಬಿಡ್ರಿ ಅಂದ್ರು."

ಐದು ವರ್ಷಗಳಿಂದ ಎಲ್ಲರ ಶೋಕೇಸಿನಲ್ಲಿ ಕೋಟೆ ಕಾಯುತ್ತಿದ್ದವನು ಒಂದೇ ಮಾತಿಗೆ ದೋಣಿ ಹತ್ತಿ ಹೊರಟುಹೋದ. ದಸ್ತಗೀರ್ ಕೈಯಲ್ಲಿದ್ದ ಗೊಂಬೆಯ ಮುಖವನ್ನು ಬಹಳ ಹೊತ್ತು ನೋಡಿ, "ನೀನಾರ ಹೇಳಬೇಕಿಲ್ಲೇನಲೇ" ಅಂದ.

ಎರಡು ಏಟು ತಿಂದ ಬಳಗ ಈಗ ತನ್ನ ಹಿರಿಯನ ಕಡೆ ನೋಡಿತು. ಅಂಬರೀಶ ಸಾವಕಾಶ ಎದ್ದ. ಅವನ ಕೈಯಲ್ಲಿ ಗೊಂಬೆ ಇರಲಿಲ್ಲ. ನೀಲಿ ಬಸಣ್ಣನನ್ನು ಹೊಸಿಲು ದಾಟಿಸುವುದಿಲ್ಲ ಎಂಬ ಅವನ ನೇಮ ಎಲ್ಲರಿಗೂ ಗೊತ್ತಿತ್ತು. ಸವಾಲನ್ನು ಅವನು ವಾರದಿಂದ ಮಸೆದು ಇಟ್ಟುಕೊಂಡಿದ್ದ. 'ನಮಗೆ ಗೊತ್ತಿಲ್ಲ' ಎಂದು ಕಂಪನಿ ಹೇಳಿದರೆ ಬಸಣ್ಣ ರಹಸ್ಯವಾಗುತ್ತಾನೆ. 'ನಾವು ಮಾಡಿಯೇ ಇಲ್ಲ' ಎಂದರೆ ಪವಾಡವಾಗುತ್ತಾನೆ. ಎರಡರಲ್ಲಿ ಯಾವುದು ಬಂದರೂ ಮಾಸ್ತರನ ಹೆಸರು ತುಂಗಭದ್ರೆ ದಾಟಿ ಕರ್ನೂಲಿನವರೆಗೆ ಹೋಗುತ್ತದೆ.

"ಸಾಹುಕಾರ್ರ," ಅಂದ, ಸೀಟಿ ಊದಿದಷ್ಟು ಗಟ್ಟಿಯಾಗಿ. "ನೀಲಿ ರುಮಾಲಿನ ಬುರುಜಿನ ಬಸಣ್ಣನ್ನ ನಿಮ್ಮ ಕಂಪನಿ ಎಷ್ಟು ಮಾಡೇದ?"

ಉದಯಕುಮಾರನ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು.

"ಒಂದು," ಅಂದ.

ಅಂಬರೀಶನಿಗೆ ಕೇಳಿಸಿತು, ತಲೆಗೆ ಹತ್ತಲಿಲ್ಲ. "ಏನಂದ್ರಿ?"

"ಒಂದ ಮಾಡಿದ್ವಿ. ನಾವಲ್ಲ, ಅಪ್ಪಾಜಿ. ಅದು ನಿಮಗ ಹೆಂಗ ಗೊತ್ತಾತು ಮಾಸ್ತರ? ಮನ್ಯಾಗ ನನ್ನ ಬಿಟ್ರ ಯಾರಿಗೂ ಗೊತ್ತಿಲ್ಲ."

ಚೀಲಗಳ ಮೇಲೆ ಕೂತವರೆಲ್ಲ ಎದ್ದು ನಿಂತರು. ದಸ್ತಗೀರನ ಬಾಯಿ ತೆರೆದುಕೊಂಡಿತು. ಆದರೆ ಆ ಗಿರಣಿಯಲ್ಲಿ ಆ ಗಳಿಗೆ ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವನು ಅಂಬರೀಶನೇ. ಬಾಯಿಗೆ ಬಂದದ್ದು ಹೇಳುತ್ತ ಅರ್ಧ ಆಯುಷ್ಯ ಕಳೆದವನಿಗೆ, ಹೇಳಿದ್ದು ನಿಜವಾಗಿ ಎದುರಿಗೆ ಬಂದು ನಿಂತದ್ದು ಇದೇ ಮೊದಲು. ಯಾಕೆಂದರೆ ಅವನ ಮನೆಯ ಬಸಣ್ಣನ ರುಮಾಲು ಹೇಗೆ ನೀಲಿಯಾಯಿತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಜಯಂತಿಗೆ ಓಣಿಯ ಕಟ್ಟೆಗೆ, ಕಮಾನಿಗೆ ಹಚ್ಚಿ ಉಳಿದ ನೀಲಿ ಬಣ್ಣವನ್ನು ಮನೆಮನೆಗೆ ಹಂಚಿದ್ದರು. ಅವ್ವ ಗೋಪಮ್ಮ ತನ್ನ ಪಾಲಿನ ಬಣ್ಣವನ್ನು ಕಿಟಕಿಗೆ ಹಚ್ಚಿದಳು. ಕಿಟಕಿಯ ಮೇಲಿದ್ದ ಬಸಣ್ಣನ ರುಮಾಲಿಗೂ ಹಚ್ಚಿದಳು. ಓಣಿಯಲ್ಲಿ ಎಲ್ಲರೂ ನೀಲಿ ರುಮಾಲು ಸುತ್ತಿ ಮೆರವಣಿಗೆಗೆ ಹೊರಟಾಗ ಬಸಣ್ಣನೊಬ್ಬನೇ ಕೆಂಪು ಸುತ್ತಿಕೊಂಡು ನಿಂತದ್ದು ಅವಳಿಗೆ ಸರಿ ಕಂಡಿರಲಿಲ್ಲ.

ಉದಯಕುಮಾರ ಹೇಳುತ್ತಿದ್ದ. "ಬಸಣ್ಣನ ಮಾರಿ ಯಾರದು ಗೊತ್ತೇನು? ನಮ್ಮ ಗಿರಣಿ ಹಮಾಲ ಅಯ್ಯಪ್ಪಂದು. ಅವನ್ನ ಮುಂದ ಕೂಡಿಸಿಕೊಂಡು ಅಪ್ಪಾಜಿ ಮೇಣದಾಗ ತಿದ್ದಿದ್ರು. ಅಯ್ಯಪ್ಪ ಸುತ್ತತಿದ್ದದ್ದು ನೀಲಿ ರುಮಾಲು. ಅಂಗಡಿಯವರು ಕೆಂಪು ಇದ್ರ ಓಡ್ತದ ಅಂದ್ರು, ಕೆಂಪು ಹಚ್ಚಿದ್ವಿ. ಅಪ್ಪಾಜಿಗೆ ಅದು ಕೊರಿಯಾಕತ್ತಿತ್ತು. ಕಡೀಕ ಒಂದು ಗೊಂಬಿಗೆ ತಾವ ಕೂತು ನೀಲಿ ಹಚ್ಚಿ ಅಯ್ಯಪ್ಪನ ಕೈಯಾಗ ಕೊಟ್ರು. ಅಂವ ಮುಂದ ದುಡಿಯಾಕ ಊರು ಬಿಟ್ಟ. ಎಲ್ಲಿ ಹೋದನೋ, ಹುಡುಕಿ ಸಾಕಾತು."

"ಮಾಸ್ತರ್ ಮನ್ಯಾಗ ಒಂದು ನೀಲಿ ಬಸಣ್ಣ ಅದಾನ. ನಿಮ್ಮ ಅಪ್ಪಾರು ಕೊಟ್ಟದ್ದಕ್ಕ ಗುರುತು ಏನಾರ ಅದನ್ರೀ?" ದಸ್ತಗೀರ್ ಕೇಳಿದ. ಒಬ್ಬರಿಗೆ ಒಂದೇ ಸವಾಲು ಎಂಬುದನ್ನು ಯಾರೂ ನೆನೆಯಲಿಲ್ಲ.

"ಅಪ್ಪಾಜಿಗೆ ಅಕ್ಷರ ಬರ್ತಿರಲಿಲ್ಲ. ಬಣ್ಣ ಹಸಿ ಇದ್ದಾಗ ಗೊಂಬಿ ಕಾಲಡಿ ಹೆಬ್ಬಟ್ಟು ಒತ್ತಿದ್ರು." ಉದಯಕುಮಾರ ಕುರ್ಚಿ ಬಿಟ್ಟು ಎದ್ದ. "ಅಪ್ಪಾಜಿ ಫೋಟೋ ಭಾಳ ಅದಾವ ಮಾಸ್ತರ. ಅವರ ಕೈ ಮುಟ್ಟಿದಂಗ ಆಗೂದು ಒಂದೂ ಇಲ್ಲ. ನಡೀರಿ, ಈಗ ಹೋಗೂನು."

ಕಂಪನಿಯ ವ್ಯಾನು ದೇವದುರ್ಗದ ದಾರಿ ಹಿಡಿಯಿತು. ಮುಂದೆ ಉದಯಕುಮಾರ, ಅವನ ಪಕ್ಕಕ್ಕೆ ಅಂಬರೀಶ, ಹಿಂದೆ ವಿಜಯಲಕ್ಷ್ಮಿ ಮತ್ತು ದಸ್ತಗೀರ್. ಮಾಸ್ತರನ ಅಂಗಿಯಿಂದ ಇಳಿದ ಬೆವರಿನಲ್ಲಿ ಎರಡು ಎಕರೆ ಭತ್ತ ನಾಟಬಹುದಾಗಿತ್ತು. ದಾರಿಯಲ್ಲಿ ಅವನು ಮನೆಗೆ ಫೋನು ಹಚ್ಚಿದ.

"ಯವ್ವಾ, ಸಾಹುಕಾರ್ರು ಬರಾಕತ್ತಾರ. ನೀಲಿ ರುಮಾಲಿನ ಗೊಂಬಿ ನೋಡಾಕ. ತಿಳೀತಿಲ್ಲೋ?"

ಶಾಲೆಯ ಹುಡುಗರು ಕ್ರಿಕೆಟ್ ಬ್ಯಾಟು ಕೇಳಿಕೊಂಡು ಮನೆಗೆ ಬಂದಾಗ ಇದೇ ದನಿಯಲ್ಲಿ 'ತಿಳೀತಿಲ್ಲೋ' ಅಂದರೆ ಅವ್ವ ಬ್ಯಾಟನ್ನು ಅಟ್ಟಕ್ಕೆ ಸೇರಿಸುತ್ತಿದ್ದಳು. ಈಗಲೂ ಹಾಗೆಯೇ ಬಸಣ್ಣನನ್ನು ಅಡಗಿಸಲಿ ಎಂದು ಅವನ ಲೆಕ್ಕ.

"ತಿಳೀತು ಬಿಡಪ್ಪ," ಅಂದಳು ಗೋಪಮ್ಮ. "ದೊಡ್ಡವರು ಬರಾಕತ್ತಾರ, ನಾ ಎಲ್ಲಾ ತಯಾರ ಮಾಡಿ ಇಡ್ತೀನಿ."

ತಯಾರು ಅಂದರೆ ಅಡಗಿಸುವುದೋ, ತೆಗೆದಿಡುವುದೋ ಅಂಬರೀಶನಿಗೆ ತಿಳಿಯಲಿಲ್ಲ. ಗಬ್ಬೂರಿನಲ್ಲಿ ಚಹಾಕ್ಕೆ ನಿಂತಾಗ ಅವನು ಇನ್ನೊಂದು ದಾರಿ ನೋಡಿದ.

"ಸಾಹುಕಾರ್ರ, ಅಂಥಾ ಅಮೂಲ್ಯ ಗೊಂಬಿ ಮನ್ಯಾಗ ಇಡ್ತಾರೇನ್ರೀ. ಅದನ್ನ ಲಾಕರಿನ್ಯಾಗ ಇಟ್ಟೀನಿ."

"ಯಾವ ಬ್ಯಾಂಕು?" ವಿಜಯಲಕ್ಷ್ಮಿ ಕೇಳಿದಳು. "ದೇವದುರ್ಗದ ಮ್ಯಾನೇಜರು ನನ್ನ ಬ್ಯಾಚಿನವರು. ಐತವಾರ ಆದ್ರೂ ಕೇಳಿ ತೆಗಸೂನು."

"ಲಾಕರಿಗೆ ಇಡಾಕ ಒಯ್ಯಾಕತ್ತಿದ್ದೆ ಅಂದೆ. ದಾರ್ಯಾಗ ಮಂಗ ಕಸಕೊಂತು."

"ಮಂಗ ಒಯ್ದು ಲಾಕರಿನ್ಯಾಗ ಇಟ್ಟು ಕೀಲಿ ನಿಮಗ ಕೊಡ್ತೇನು?" ದಸ್ತಗೀರ್ ಚಹಾ ಊದುತ್ತ ಕೇಳಿದ.

ಉದಯಕುಮಾರ ಇದನ್ನೆಲ್ಲ ಕೇಳಿಸಿಕೊಳ್ಳಲೇ ಇಲ್ಲ. ದಸ್ತಗೀರನ ಮೊಬೈಲು ಇಸಿದುಕೊಂಡು ನೀಲಿ ಬಸಣ್ಣನ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದ. ಅವನ ಚಹಾ ಆರಿಹೋಗಿತ್ತು. ಅಂಬರೀಶ ಅದನ್ನು ನೋಡಿ ಮುಂದಿನ ಸುಳ್ಳನ್ನು ನುಂಗಿಕೊಂಡ. ನುಂಗಿದ ಸುಳ್ಳು ಅವನಿಗೆ ರೂಢಿ ಇರಲಿಲ್ಲ, ಬಿಕ್ಕಳಿಕೆ ಹತ್ತಿತು.

ದೇವದುರ್ಗದ ಓಣಿಯಲ್ಲಿ ವ್ಯಾನು ನಿಂತಾಗ ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಓಣಿಯ ಬಾಗಿಲುಗಳೆಲ್ಲ ಒಂದೇ ನೀಲಿ, ಕಿಟಕಿಗಳೂ ಅದೇ ನೀಲಿ. ದಸ್ತಗೀರ್ ಇಳಿದವನು ಒಂದು ಬಾಗಿಲು ನೋಡಿದ, ಇನ್ನೊಂದು ನೋಡಿದ, ಆಮೇಲೆ ಮಾಸ್ತರನ ಮುಖ ನೋಡಿದ.

ಗೋಪಮ್ಮ ತಂಬಿಗೆಯಲ್ಲಿ ನೀರು ಕೊಟ್ಟಳು. ಸೀರೆಯ ಸೆರಗಿನಲ್ಲಿ ಕೈ ಮುಚ್ಚಿಕೊಂಡೇ ಕೊಟ್ಟಳು. "ಬರ್ರಿ ಯಪ್ಪಾ, ಕುಂದರ್ರಿ. ನಿಮ್ಮ ಅಪ್ಪಾರು ಮಾಡಿದ ಗೊಂಬಿ ಅಂತಲ್ಲ. ಮಾರಿ ಭಾಳ ಚೊಲೊ ಅದ. ದುಡದ ಮಂದಿ ಮಾರಿ."

ಒಳಗೆ ಹೋಗಿ ಹಿತ್ತಾಳೆಯ ತಾಟಿನಲ್ಲಿ ಬಿಳಿ ವಸ್ತ್ರ ಹಾಸಿ, ಅದರ ಮೇಲೆ ಬಸಣ್ಣನನ್ನು ಮಲಗಿಸಿ ತಂದಳು. ಉದಯಕುಮಾರ ಚಪ್ಪಲಿ ಬಿಟ್ಟು ಎದ್ದು ನಿಂತು ಎರಡೂ ಕೈಯಿಂದ ಎತ್ತಿಕೊಂಡ. ನೀಲಿ ರುಮಾಲನ್ನು ನೋಡಿದ. ಮೆಲ್ಲಗೆ ಬೋರಲು ಹಾಕಿ ಕಾಲಡಿ ನೋಡಿದ.

ಕಾಲಡಿಯಲ್ಲಿ ಹೆಬ್ಬೆರಳಿನ ಗುರುತಿತ್ತು. ಗೆರೆಗೆರೆಯಾಗಿ, ನೀಲಿಯಾಗಿ, ಸ್ಪಷ್ಟವಾಗಿ.

ಅಂಬರೀಶನ ಬಿಕ್ಕಳಿಕೆ ನಿಂತುಹೋಯಿತು. ವರ್ಷವಿಡೀ ಊರಿಗೆಲ್ಲ ತೋರಿಸಿದ ಗೊಂಬೆಯನ್ನು ಅವನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಹಾಗಾದರೆ ಇದು ಅದೇ ಗೊಂಬೆಯೇ? ಸ್ಟೇಷನ್ ರೋಡಿನ ಅಂಗಡಿಯಲ್ಲಿ ತಾನು ಕೊಂಡದ್ದು ಕೆಂಪು ಬಸಣ್ಣ, ತನ್ನ ಕಣ್ಣೆದುರೇ ಅವ್ವ ಅದಕ್ಕೆ ಬಣ್ಣ ಹಚ್ಚಿದ್ದು. ಅದೆಲ್ಲ ನೆನಪಿದ್ದೂ ಒಂದು ಗಳಿಗೆ ಅವನು ತನ್ನ ಸುಳ್ಳನ್ನು ತಾನೇ ನಂಬಿದ.

ಉದಯಕುಮಾರ ಆ ಗುರುತನ್ನು ಕಣ್ಣಿಗೆ ಒತ್ತಿಕೊಂಡ. ಅವನ ಭುಜ ಅಲುಗುತ್ತಿತ್ತು. ವಿಜಯಲಕ್ಷ್ಮಿ ಮುಖ ಆಚೆ ತಿರುಗಿಸಿಕೊಂಡಳು.

ಅಂಬರೀಶ ಇನ್ನೇನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ನಿಂತರೆ ಸಾಕಿತ್ತು. ಬಾಯಿ ಬಿಡದೆ ಸುಳ್ಳು ಹೇಳುವ ಅವಕಾಶ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅವನು ಸುಮ್ಮನೆ ನಿಂತ. ನಿಂತಷ್ಟೂ, ಕಾಲಡಿಯ ನೆಲ ಬಾಣಲೆಯಂತೆ ಕಾಯತೊಡಗಿತು. "ಸಾಹುಕಾರ್ರ," ಎಂದು ಬಾಯಿ ತೆರೆದ. ಅಷ್ಟರಲ್ಲಿ, ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದ ದಸ್ತಗೀರನ ದನಿ ಬಂತು.

"ಮಾಸ್ತರ್, ಸ್ವಲ್ಪ ಇಲ್ಲಿ ಬರ್ರಿ. ಇಲ್ಲಿ ಭಾಳ ಮಂದಿ ಕುಂತಾರ."

ಎಲ್ಲರೂ ಹಿತ್ತಲಿಗೆ ಹೋದರು. ಬಚ್ಚಲ ಕಟ್ಟೆಯ ಮೇಲೆ ಬಿಸಿಲಿಗೆ ಇಡೀ 'ಕೋಟೆ ಕಾವಲು' ಸಾಲಾಗಿ ಒಣಗುತ್ತಿತ್ತು. ಬಿಲ್ಲುಗಾರನಿಗೆ ನೀಲಿ ರುಮಾಲು. ಎರಡು ಬಲಗೈಯ ಹರಕಾರನಿಗೆ ನೀಲಿ ರುಮಾಲು. ಸಿಪಾಯಿಯಾಗಿದ್ದು ಈಗತಾನೆ ಅಂಬಿಗನಾದವನಿಗೆ ನೀಲಿ ರುಮಾಲು. ಮಾವುತನಿಗೆ ಹಚ್ಚಿ ಮಿಕ್ಕದ್ದನ್ನು ಆನೆಯ ನೆತ್ತಿಗೂ ಬಳಿದಿತ್ತು. ಬಣ್ಣ ಇನ್ನೂ ಹಸಿ, ಆನೆಯ ಸೊಂಡಿಲಿನಿಂದ ಒಂದು ನೀಲಿ ಹನಿ ಇಳಿಯುತ್ತಿತ್ತು. ವಿಜಯಲಕ್ಷ್ಮಿ ಎದೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಆತುಕೊಂಡಳು. ದಸ್ತಗೀರ್ ಒಂದು ಗೊಂಬೆಯನ್ನು ಎರಡು ಬೆರಳಿನಿಂದ ಎತ್ತಿ ತಿರುಗಿಸಿದ. ಕಾಲಡಿಯಲ್ಲಿ ಹೆಬ್ಬೆರಳಿನ ಗುರುತು. ಇನ್ನೊಂದನ್ನು ಎತ್ತಿದ. ಅದೇ ಗುರುತು.

"ಮುಟ್ಟಬ್ಯಾಡ್ರೋ ಯಪ್ಪಾ, ಹಸಿ ಅದ," ಎಂದು ಗೋಪಮ್ಮ ಓಡಿ ಬಂದಳು. ಸೆರಗು ಜಾರಿ ಕೈ ಹೊರಗೆ ಬಂತು. ಹೆಬ್ಬೆರಳು ಬುಡದವರೆಗೆ ನೀಲಿ. "ಹ್ವಾದ ವರ್ಷ ಅವನೊಬ್ಬಗ ಹಚ್ಚಿದ್ದೆ. ಇವತ್ತು ಅಂಬ್ರೇಶ ಫೋನ್ ಮಾಡಿ, ದೊಡ್ಡವರು ನೀಲಿ ರುಮಾಲು ನೋಡಾಕ ಬರಾಕತ್ತಾರ ಅಂದ. ಒಬ್ಬಗ ಮರ್ಯಾದಿ ಮಾಡಿ ಉಳದವರನ್ನ ಬಿಟ್ರ ಹೆಂಗ, ಅವರೂ ದುಡದವರ ಅಲ್ಲೇನು? ಹಿಡ್ಕೊಂಡು ಹಚ್ಚಬೇಕಲ್ಲ, ಕಾಲಡಿ ನನ್ನ ಹೆಬ್ಬಟ್ಟು ಮೂಡ್ಯಾವ. ಒರಸಿದ್ರ ಹ್ವಾದಾವು, ಸಿಟ್ಟಾಗಬ್ಯಾಡ."

ಉದಯಕುಮಾರನ ಕೈಯಲ್ಲಿ ಬಸಣ್ಣ ಇನ್ನೂ ಬೋರಲಾಗಿಯೇ ಇದ್ದ. ಅವನು ಆ ಗುರುತನ್ನು ನೋಡಿದ, ಮುದುಕಿಯ ಹೆಬ್ಬೆರಳನ್ನು ನೋಡಿದ. ಮುಖದಲ್ಲಿ ಏನೇನೋ ಬಂದು ಹೋದವು. ಬೈಗುಳ ಬರುತ್ತದೆ ಎಂದು ಅಂಬರೀಶ ಕಾದ. ಅದೇ ಬಂದಿದ್ದರೆ ಹಗುರಾಗುತ್ತಿತ್ತು.

"ಯವ್ವಾ," ಅಂದ ಉದಯಕುಮಾರ, "ಈ ಬಣ್ಣದ ಡಬ್ಬಿ ಅದನೇನು? ಮುಂದಿನ ಸಲ ಎಲ್ಲಾ ಬಸಣ್ಣಗೋಳಿಗೂ ಇದೇ ನೀಲಿ ಹಚ್ಚಸ್ತೀನಿ. ಅಪ್ಪಾಜಿ ಹಚ್ಚಿದ್ದು ಹೆಂಗಿತ್ತೋ, ಇನ್ನ ಸಿಗೂದು ಸುಳ್ಳು."

"ಒಯ್ಯಿ ಯಪ್ಪಾ. ತಳದಾಗ ಸ್ವಲ್ಪ ಉಳದದ," ಎಂದು ಗೋಪಮ್ಮ ಡಬ್ಬಿ ತರಲು ಒಳಗೆ ಹೋದಳು.

ಉದಯಕುಮಾರ ಅಂಬರೀಶನ ಕಡೆ ತಿರುಗಿದ. "ಮಾಸ್ತರ, ನೀವು ಕೇಳಿದ್ದಕ್ಕ ನಾನು ಖರೇ ಜವಾಬ್ ಕೊಟ್ಟೆ. ಈಗ ಕಂಪನಿದು ನಿಮಗ ಒಂದು ಸವಾಲ್. ನೀವು ಹೇಳಿದ್ದರಾಗ ಖರೇ ಯಾವುದು?"

ಅಂಬರೀಶ ಕೊರಳಿನ ಸೀಟಿಯನ್ನು ಹುಡುಕಿ ಹಿಡಿದುಕೊಂಡ. ಊದಲಿಕ್ಕಲ್ಲ, ಹಿಡಿಯಲು ಏನಾದರೂ ಬೇಕಿತ್ತು. "ಅಚ್ಚು ಒಡದಾರ ಅಂದದ್ದು ಸುಳ್ಳ," ಅಂದ. ದನಿ ಅವನಿಗೇ ಗುರುತು ಸಿಗದಷ್ಟು ಸಣ್ಣದಿತ್ತು. "ಲಾಕರು ಸುಳ್ಳ, ಮಂಗ ಸುಳ್ಳ. ನಿಮ್ಮ ಅಪ್ಪಾಜಿ ಹೆಬ್ಬಟ್ಟು ಹೇಳಿದಾಗಲೇ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಗೊಂಬಿ ನಿಮ್ಮದು ಸಾಹುಕಾರ್ರ. ನೀಲಿ ನಮ್ಮವ್ವಂದು. ಉಳದದ್ದೆಲ್ಲ ನಂದು."

ದಸ್ತಗೀರ್ ಅಂಬಿಗನನ್ನು ಮೆಲ್ಲಗೆ ಕಟ್ಟೆಯ ಮೇಲೆ ನಿಲ್ಲಿಸಿದ. ನೀಲಿಯಾದ ಬೆರಳನ್ನು ಕರವಸ್ತ್ರಕ್ಕೆ ಒರೆಸುತ್ತ ಕೇಳಿದ. "ಮತ್ತ ಕೃಷ್ಣಾ, ಮಾಸ್ತರ್?"

"ಮುಂದಕ್ಕ ಹರೀತಿತ್ತು ಭಾಯ್. ನಾ ಆವತ್ತು ಹೊಳಿ ಕಡಿ ಹೋಗೇ ಇರಲಿಲ್ಲ."